ನೇತ್ರಾಣಿಯ ಕಡಲ ಹದ್ದು ಏನು ತಿನ್ನುತ್ತದೆ? ಮರದ ಬುಡದಲ್ಲಿ ಸಿಕ್ಕ ಮೂಳೆಗಳ ಬಗ್ಗೆ

ಬೈತಖೋಲ್ ಹುಡುಗ
ಎಲ್ಲರಿಗೂ ನಮಸ್ಕಾರ. ಹೋದ ವಾರ ಭಟ್ಕಳದ ಮಾವನ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿದ್ದೆ. ಅವರ ಮನೆಯ ಹಳೇ ಹರಕೆ ಇತ್ತು, ಒಂದು ಆಡು ಬಿಟ್ಟು ಬಂದೆವು. ಹತ್ತುವಾಗ ಒಂದು ದೊಡ್ಡ ಮರದ ಬುಡದಲ್ಲಿ ಕೂತು ನೀರು ಕುಡಿದೆ. ಮೇಲೆ ಕಟ್ಟಿಗೆ ರಾಶಿ ಹಾಕಿದ ಹಾಗೆ ದೊಡ್ಡ ಗೂಡು. ಕೆಳಗೆ ನೋಡಿದರೆ ಮೂಳೆಯೋ ಮೂಳೆ. ಹಾವಿನ ಬೆನ್ನುಮೂಳೆಗಳು ಸರದ ಹಾಗೆ ಬಿದ್ದಿದ್ದವು. ಮೀನಿನ ತಲೆ, ಮುಳ್ಳು, ಸಿಪ್ಪೆ ಇದ್ದವು. ನಡುವೆ ಒಂದು ಎಳೆ ಆಡುಮರಿಯ ಕಾಲು ಕೂಡ ಇತ್ತು, ಗೊರಸು ಹಾಗೇ ಇತ್ತು.

ವಾಪಸ್ ಬರುವಾಗ ದೋಣಿಯಲ್ಲಿ ದೊಡ್ಡ ಜಗಳ. ದೇವರಿಗೆ ಬಿಟ್ಟ ಆಡನ್ನು ಹದ್ದು ಎತ್ತಿಕೊಂಡು ಹೋಗುತ್ತದೆ, ಗೂಡು ಕೆಡವಬೇಕು ಎಂದರು ಮಾವ. ದೋಣಿಯಲ್ಲಿದ್ದ ಇನ್ನೊಬ್ಬರು ಮೀನು ಕಡಿಮೆಯಾಗಲು ಇವೇ ಕಾರಣ ಎಂದರು. ಮೂರನೆಯವರು, ಹಾವು ತಿನ್ನುವ ಹಕ್ಕಿ, ಅದನ್ನು ಮುಟ್ಟಬೇಡಿ ಎಂದು ಕೂಗಾಡಿದರು. ನನಗೆ ಯಾರ ಮಾತು ಸರಿ ಎಂದು ಗೊತ್ತಾಗಲಿಲ್ಲ. ಈ ಹಕ್ಕಿ ನಿಜವಾಗಿ ಏನು ತಿನ್ನುತ್ತದೆ? ದ್ವೀಪಕ್ಕೆ ಅದರಿಂದ ಒಳ್ಳೆಯದೋ ಕೆಟ್ಟದ್ದೋ? ತಿಳಿದವರು ಹೇಳಿ. ಎರಡು ಫೋಟೋ ಹಾಕಿದ್ದೇನೆ.

ಕಾಳಿ ತೀರ
ಅದು ಗರುಡ ಅಲ್ವಾ? ಕಾರವಾರದ ಮೀನು ಮಾರ್ಕೆಟ್ ಮೇಲೆ ದಿನಾ ಸುತ್ತುತ್ತದಲ್ಲ.

ಹಕ್ಕಿಗಣ್ಣು
ಅಲ್ಲ. ಗರುಡನ ಮೈ ಇಟ್ಟಿಗೆ ಕೆಂಪು, ತಲೆ ಎದೆ ಮಾತ್ರ ಬಿಳಿ, ಗಾತ್ರವೂ ಚಿಕ್ಕದು. ಇವರು ಹೇಳುತ್ತಿರುವುದು ಬಿಳಿ ಹೊಟ್ಟೆಯ ಕಡಲ ಹದ್ದು. ತಲೆ, ಎದೆ, ಹೊಟ್ಟೆ ಎಲ್ಲ ಬಿಳಿ, ಬೆನ್ನು ಬೂದಿ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಹತ್ತಿರ ಹತ್ತಿರ 2 ಮೀಟರ್. ತೇಲುವಾಗ ರೆಕ್ಕೆಯನ್ನು ಮೇಲಕ್ಕೆತ್ತಿ ಹಿಡಿಯುತ್ತದೆ, ಬಾಲ ಮೊಂಡು ಬೆಣೆಯ ಹಾಗೆ ಕಾಣುತ್ತದೆ. ಮರಿಗಳು ಮಾತ್ರ ನಾಲ್ಕೈದು ವರ್ಷ ಕಂದು ಬಣ್ಣದಲ್ಲೇ ಇರುತ್ತವೆ, ಅದಕ್ಕೇ ಜನಕ್ಕೆ ಗೊಂದಲ.

ನೇತ್ರಾಣಿ ಈ ಹಕ್ಕಿಗೆ ಹೆಸರಾದ ಜಾಗ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಒಳಗೆ, ಸುತ್ತಲೂ ನೀರು, ಮೇಲೆ ದೊಡ್ಡ ಮರಗಳು. ಅದಕ್ಕೆ ಬೇಕಾದ್ದೆಲ್ಲ ಅಲ್ಲಿದೆ. ಒಂದೇ ಗೂಡಿಗೆ ವರ್ಷ ವರ್ಷ ಕಟ್ಟಿಗೆ ಸೇರಿಸುತ್ತಾ ಹೋಗುತ್ತದೆ. ನೀವು ನೋಡಿದ ಗೂಡು ನಿಮ್ಮಷ್ಟೇ ವಯಸ್ಸಿನದ್ದಾದರೂ ಆಶ್ಚರ್ಯವಿಲ್ಲ.

ಗೂಡು ಕೆಡವುವ ಮಾತು ಬೇಡವೇ ಬೇಡ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಹಕ್ಕಿ ಇದು. ಹುಲಿ ಇರುವ ಪಟ್ಟಿಯೇ ಅದು. ಮಾವನಿಗೆ ಇಷ್ಟು ಹೇಳಿ ಸಾಕು.

ತದಡಿ ದೋಣಿ
ಕಾಯ್ದೆ ಆಮೇಲೆ ಹೇಳಿ. ಹುಡುಗ ಕೇಳಿದ್ದು ಅದು ಏನು ತಿನ್ನುತ್ತದೆ ಅಂತ. ನಾನು ಸಣ್ಣ ಪಾತಿ ದೋಣಿಯಲ್ಲಿ ಮೂವತ್ತು ವರ್ಷ ಬಲೆ ಬಿಟ್ಟವನು. ನಾನು ಕಂಡ ಹಾಗೆ ಅದರ ಕಾಲಲ್ಲಿ ಹತ್ತು ಸಲದಲ್ಲಿ ನಾಲ್ಕು ಸಲ ಹಾವೇ. ಜೋತು ಬಿದ್ದ ಹಗ್ಗದ ಹಾಗೆ ಒದ್ದಾಡುತ್ತಿರುತ್ತದೆ.

ತೋಟದ ಮನೆ ಶಿರಸಿ
ನಮ್ಮ ಕಡೆ ಅಡಿಕೆ ತೋಟದ ಮೇಲೆ ಒಂದು ಹದ್ದು ಕೂಗುತ್ತಾ ಸುತ್ತುತ್ತದೆ. ಅದೂ ಹಾವು ತಿನ್ನುತ್ತದೆ. ಅದೇ ಜಾತಿಯಾ?

ಹಕ್ಕಿಗಣ್ಣು
ಬೇರೆ. ನಿಮ್ಮದು ಹಾವು ಗಿಡುಗ, ತಲೆಯ ಹಿಂದೆ ಜುಟ್ಟು ಇರುತ್ತದೆ. ಕಾಡು, ಬೆಟ್ಟ, ತೋಟದ ಅಂಚು ಅದರ ಜಾಗ. ಕಡಲ ಹದ್ದು ಘಟ್ಟ ಹತ್ತುವುದು ತೀರಾ ಕಡಿಮೆ.

ಅಂಕೋಲೆ ಅಕ್ಕೋರು
ಹಾವು ಯಾಕೆ ಅಷ್ಟು ಸಿಗುತ್ತದೆ ಅನ್ನುವುದೇ ನನಗೆ ಬಹಳ ಇಷ್ಟದ ವಿಷಯ. ಮಕ್ಕಳಿಗೂ ಇದನ್ನೇ ಹೇಳುತ್ತೇನೆ. ಕಡಲ ಹದ್ದು ನೀರಿನೊಳಗೆ ಮುಳುಗಿ ಬೇಟೆ ಆಡುವ ಹಕ್ಕಿ ಅಲ್ಲ. ಮೇಲಿನಿಂದ ಜಾರಿ ಬಂದು, ನೀರಿನ ಮೇಲ್ಭಾಗದಲ್ಲಿ ಇದ್ದದ್ದನ್ನು ಕಾಲಿನಿಂದ ಬಾಚಿಕೊಂಡು ಹೋಗುತ್ತದೆ. ಹಾಗಾದರೆ ಅದಕ್ಕೆ ಸಿಗುವುದು ಯಾವುದು? ಮೇಲೆ ಬಂದದ್ದು ಮಾತ್ರ. ಮೀನಿಗೆ ಮೇಲೆ ಬರಲೇಬೇಕು ಅಂತಿಲ್ಲ. ಆದರೆ ಕಡಲ ಹಾವಿಗೆ ಕಿವಿರು ಇಲ್ಲ, ನಮ್ಮ ಹಾಗೆ ಶ್ವಾಸಕೋಶ. ಉಸಿರಿಗೆ ಅದು ಮೇಲೆ ಬರಲೇಬೇಕು. ಆಗ ಸಿಕ್ಕಿ ಬೀಳುತ್ತದೆ.

ಆಯ್ಕೆ ಮಾಡಿ ಹಾವನ್ನೇ ತಿನ್ನುತ್ತದೆ ಅನ್ನುವುದಕ್ಕಿಂತ, ಅದರ ಬೇಟೆಯ ರೀತಿಗೆ ಹಾವು ಸುಲಭ ಅನ್ನುವುದು ಸರಿ. ಉಳಿದಂತೆ ಮೀನು, ಆಮೆ ಮರಿ, ನೀರುಹಕ್ಕಿ, ಸತ್ತು ತೇಲುವ ಯಾವುದಾದರೂ ಸರಿ. ಬೇರೆ ಹಕ್ಕಿ ಹಿಡಿದ ಮೀನನ್ನು ಅಟ್ಟಿಸಿಕೊಂಡು ಹೋಗಿ ಕಸಿದುಕೊಳ್ಳುವುದೂ ಉಂಟು.

ಕಾಳಿ ತೀರ
ಕಡಲ ಹಾವಿಗೆ ನಾಗರ ಹಾವಿಗಿಂತ ಜಾಸ್ತಿ ವಿಷ ಅಂತಾರೆ. ಹಕ್ಕಿ ಸಾಯೋದಿಲ್ವಾ?

ಅಂಕೋಲೆ ಅಕ್ಕೋರು
ವಿಷ ರಕ್ತಕ್ಕೆ ಸೇರಿದರೆ ಅಪಾಯ. ಹೊಟ್ಟೆಗೆ ಹೋದರೆ ಅದೂ ಒಂದು ಪ್ರೋಟೀನ್ ಅಷ್ಟೇ, ಜೀರ್ಣವಾಗುತ್ತದೆ. ಹಕ್ಕಿಯ ಕಾಲಿಗೆ ಗಟ್ಟಿ ಹುರುಪೆ ಇದೆ, ಉಗುರಿನ ಹಿಡಿತ ಬೇರೆ. ಬಾಯಿ ತಿರುಗಿಸಿ ಕಚ್ಚಲು ಹಾವಿಗೆ ಅವಕಾಶ ಸಿಗುವುದು ಕಷ್ಟ.

ಟ್ರಾಲ್ ತಾಂಡೇಲ
ನಾನು ತಾಂಡೇಲ, ಅಂದರೆ ದೋಣಿ ನಡೆಸುವವನು. ಒಂದು ಮಾತು ಸೇರಿಸುತ್ತೇನೆ, ಇದನ್ನು ಯಾರೂ ಹೇಳುವುದಿಲ್ಲ. ನಮ್ಮ ಟ್ರಾಲ್ ಬಲೆ ಎಳೆಯುವಾಗ ಕಡಲ ಹಾವು ಬಹಳ ಸಿಕ್ಕಿಕೊಳ್ಳುತ್ತವೆ. ಗಂಟೆಗಟ್ಟಲೆ ಬಲೆ ನೀರಿನ ಅಡಿಯಲ್ಲೇ ಇರುತ್ತದೆ. ಅಕ್ಕೋರು ಹೇಳಿದ ಹಾಗೆ ಅದಕ್ಕೆ ಉಸಿರು ಬೇಕು. ಮೇಲೆ ಬರುವಷ್ಟರಲ್ಲಿ ಎಷ್ಟೋ ಸತ್ತಿರುತ್ತವೆ. ಬದುಕಿದ್ದನ್ನು ಹುಡುಗರು ಬಾಲ ಹಿಡಿದು ನೀರಿಗೆ ಬಿಸಾಡುತ್ತಾರೆ, ಅದರಲ್ಲಿ ಕಚ್ಚಿಸಿಕೊಂಡವರೂ ಇದ್ದಾರೆ.

ಆ ಸತ್ತ ಹಾವು ತೇಲುತ್ತಾ ಹೋಗುತ್ತದಲ್ಲ, ಹದ್ದು ಬಂದು ಎತ್ತಿಕೊಂಡು ಹೋಗುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಒಂದು ಸಲ ಅಲ್ಲ, ಬಹಳ ಸಲ. ಹಾಗಾಗಿ ನೇತ್ರಾಣಿ ಮರದ ಕೆಳಗೆ ಬಿದ್ದ ಮೂಳೆ ನೋಡಿ ಇಷ್ಟೂ ಹಾವನ್ನು ಹದ್ದೇ ಕೊಂದಿದೆ ಅನ್ನಬೇಡಿ. ಅದರಲ್ಲಿ ನಮ್ಮ ಪಾಲೂ ಇದೆ.

ತದಡಿ ದೋಣಿ
ಇದನ್ನು ಒಬ್ಬ ಟ್ರಾಲ್ ತಾಂಡೇಲನ ಬಾಯಿಂದ ಕೇಳಿ ಸಂತೋಷವಾಯಿತು. ಬಹಳ ವರ್ಷದಿಂದ ನಾವು ಹೇಳುತ್ತಾ ಬಂದಿದ್ದು ಇದನ್ನೇ.

ಟ್ರಾಲ್ ತಾಂಡೇಲ
ಮಾರಾಯ್ರೇ, ನನಗೂ ಹೊಟ್ಟೆ ಇದೆ, ಸಾಲ ಇದೆ. ಆದರೆ ಕಂಡದ್ದನ್ನು ಕಂಡಿಲ್ಲ ಅನ್ನಲು ಬರುವುದಿಲ್ಲ.

ಕಾಳಿ ತೀರ
ಹಾವು ಕಡಿಮೆಯಾದರೆ ಒಳ್ಳೆಯದೇ ಅಲ್ವಾ? ಯಾರಿಗೆ ಬೇಕು ಅದು?

ಅಂಕೋಲೆ ಅಕ್ಕೋರು
ಹಾಗೆ ಹೇಳಬೇಡಿ ತಮ್ಮಾ. ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಸಿಗುವ ಕೊಕ್ಕಿನ ಮೂತಿಯ ಕಡಲ ಹಾವು ತಿನ್ನುವುದು ಶೇಡೆ ಮೀನು (ಕ್ಯಾಟ್‌ಫಿಶ್) ಮತ್ತು ಊದುವ ಮೀನನ್ನು. ಮುಳ್ಳು, ವಿಷ ಅಂತ ಬೇರೆಯವರು ಬಿಟ್ಟ ಮೀನದು. ಇನ್ನೊಂದು ವಿಷಯ, ಈ ಹಾವುಗಳು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತವೆ. ಬಂಗಡೆಯ ಹಾಗೆ ಒಂದೇ ಸಲಕ್ಕೆ ಲಕ್ಷಗಟ್ಟಲೆ ಆಗುವ ಜೀವ ಅಲ್ಲ. ಬಲೆಯಲ್ಲಿ ಹೋದಷ್ಟು ಮರಳಿ ಬರಲು ಬಹಳ ಕಾಲ ಬೇಕು. ಹದ್ದು ಒಂದೊಂದೇ ಎತ್ತುವುದಕ್ಕೂ ಬಲೆ ಗುಂಪಾಗಿ ಎಳೆಯುವುದಕ್ಕೂ ವ್ಯತ್ಯಾಸ ಅಲ್ಲಿದೆ.

ಹಕ್ಕಿಗಣ್ಣು
"ಹದ್ದಿನಿಂದ ಮೀನು ಕಡಿಮೆ" ಅನ್ನುವ ಮಾತಿಗೆ ಒಂದು ಸಣ್ಣ ಲೆಕ್ಕ. 3 ಕಿಲೋ ತೂಕದ ಹಕ್ಕಿ ಅಂತ ಇಟ್ಟುಕೊಳ್ಳಿ. ಇಷ್ಟು ದೊಡ್ಡ ಬೇಟೆ ಹಕ್ಕಿಗೆ ದಿನಕ್ಕೆ ಹೆಚ್ಚೆಂದರೆ ತನ್ನ ತೂಕದ ಹತ್ತನೇ ಒಂದು ಭಾಗ ಸಾಕು. ಅಂದರೆ 300 ಗ್ರಾಂ, ಎರಡು ಮೂರು ಬಂಗಡೆ. ವರ್ಷಕ್ಕೆ 110 ಕಿಲೋ. ಲೆಕ್ಕಕ್ಕಾಗಿ ದ್ವೀಪದಲ್ಲಿ 50 ಹಕ್ಕಿ ಇವೆ ಅನ್ನೋಣ, ಎಲ್ಲ ಸೇರಿ ವರ್ಷಕ್ಕೆ ಐದೂವರೆ ಟನ್. ಅದರಲ್ಲೂ ಹಾವು, ಸತ್ತದ್ದು, ನಾವು ತಿನ್ನದ ಮೀನು ಎಲ್ಲ ಸೇರಿದೆ. ತಾಂಡೇಲರೇ, ಐದೂವರೆ ಟನ್ ನಿಮ್ಮ ಬಂದರಿಗೆ ಎಷ್ಟು ಹೊತ್ತಿನ ಕೆಲಸ?

ಟ್ರಾಲ್ ತಾಂಡೇಲ
ಬಂಗಡೆ ಗುಂಪು ಸರಿಯಾಗಿ ಸಿಕ್ಕರೆ, ಗುಂಪನ್ನೇ ಬಲೆಯಿಂದ ಸುತ್ತುವರಿಯುವ ಒಂದು ಪರ್ಸೀನ್ ದೋಣಿಗೆ ಒಂದೇ ಬಲೆ. ಮೀನು ಪುಡಿ ಮಾಡುವ ಫಿಶ್‌ಮಿಲ್‌ಗೆ ಹೋಗುವ ಸಣ್ಣ ಮೀನಿನ ಲಾರಿ ನೋಡಿದ್ದೀರಲ್ಲ, ಬೆರಳುದ್ದದ ಮರಿಗಳು. ಮೀನು ಕಡಿಮೆಯಾದದ್ದು ಎಲ್ಲಿಂದ ಅಂತ ಕೇಳುವವರು ಮೊದಲು ಆ ಲಾರಿ ನೋಡಬೇಕು.

ಕುಮಟೆ ಹೊಳೆದಂಡೆ
ಮೊದಲು ಜೂನ್ ಜುಲೈ ಎರಡು ತಿಂಗಳ ನಿಷೇಧವಾದರೂ ಎಲ್ಲರೂ ಸರಿಯಾಗಿ ಪಾಲಿಸಲಿ. ಲೈಟ್ ಹಾಕಿ ಮೀನು ಹಿಡಿಯುವುದು ನಿಲ್ಲಲಿ. ಹದ್ದಿನ ವಿಷಯ ಆಮೇಲೆ.

ತದಡಿ ದೋಣಿ
ಲೈಟ್ ವಿಷಯ ಇಲ್ಲಿ ಎತ್ತಿದರೆ ಬೆಳಗಾಗುವವರೆಗೂ ಮುಗಿಯುವುದಿಲ್ಲ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ.

ಮಾವಿನಕುರ್ವೆ
ನಾನು ಭಟ್ಕಳದವನು. ಎಲ್ಲರೂ ಮೀನು, ಹಾವು ಅಂತಿದ್ದೀರಿ. ಆಡಿನ ಮಾತು ಯಾರೂ ಎತ್ತಲಿಲ್ಲ. ನಮ್ಮ ಅಜ್ಜನ ಕಾಲದಿಂದಲೂ ನೇತ್ರಾಣಿಗೆ ಆಡು, ಕೋಳಿ ಬಿಡುವ ಹರಕೆ ಇದೆ. ಕಡಲಿಗೆ ಹೋದವರು ಕ್ಷೇಮವಾಗಿ ಬರಲಿ ಅಂತ ಹೊತ್ತ ಹರಕೆ. ಹಿಂದೂಗಳೂ ಹೋಗುತ್ತಾರೆ, ಮುಸ್ಲಿಮರೂ ಹೋಗುತ್ತಾರೆ. ದೇವರ ಹೆಸರಲ್ಲಿ ಬಿಟ್ಟ ಜೀವವನ್ನು ಹದ್ದು ತಿಂದರೆ ಮನಸ್ಸಿಗೆ ನೋವಾಗುತ್ತದೆ. ಆ ಹುಡುಗನ ಮಾವನ ಸಿಟ್ಟು ನನಗೆ ಅರ್ಥವಾಗುತ್ತದೆ.

ಹಕ್ಕಿಗಣ್ಣು
ನೋವು ಅರ್ಥವಾಗುತ್ತದೆ ಅಣ್ಣ. ಆದರೆ ಹದ್ದಿನ ಶಕ್ತಿ ನೋಡಿ. ಹೆಣ್ಣು ಹಕ್ಕಿಯೇ ದೊಡ್ಡದು, ಅದು ಕೂಡ 4 ಕಿಲೋ ದಾಟುವುದು ಅಪರೂಪ. ಬೆಳೆದ ಆಡನ್ನು ಎತ್ತುವ ಮಾತೇ ಇಲ್ಲ. ಆಗ ತಾನೇ ಹುಟ್ಟಿದ ಮರಿ, ಅದೂ ತಾಯಿ ಹತ್ತಿರ ಇಲ್ಲದಾಗ, ಒಂದು ವೇಳೆ ಎತ್ತಬಹುದೇನೋ. ಹೆಚ್ಚಾಗಿ ಆಗುವುದು ಬೇರೆ. ಬಂಡೆಯಿಂದ ಬಿದ್ದೋ ನೀರಿಲ್ಲದೆಯೋ ಸತ್ತ ಮರಿಯ ಮಾಂಸವನ್ನು ಹರಿದು ತಂದಿರುತ್ತದೆ. ಗೂಡಿನ ಕೆಳಗೆ ಸಿಕ್ಕ ಒಂದು ಕಾಲಿನ ಮೂಳೆ, ಹದ್ದು ತಿಂದಿದೆ ಎಂದು ಹೇಳುತ್ತದೆ. ಹದ್ದು ಕೊಂದಿದೆ ಎಂದು ಹೇಳುವುದಿಲ್ಲ.

ಮಾವಿನಕುರ್ವೆ
ಇದು ಒಪ್ಪುವ ಮಾತು. ಬೇಸಿಗೆಯಲ್ಲಿ ಅಲ್ಲಿ ಸತ್ತ ಆಡು ನಾನೂ ನೋಡಿದ್ದೇನೆ.

ಮುರ್ಡೇಶ್ವರ ಡೈವರ್
ನಾನು ಅಲ್ಲಿ ಪ್ರವಾಸಿಗರನ್ನು ಹವಳ ನೋಡಲು ಇಳಿಸುವ ದೋಣಿಯಲ್ಲಿ ಕೆಲಸ ಮಾಡುತ್ತೇನೆ. ನಾವು ದ್ವೀಪ ಹತ್ತುವುದಿಲ್ಲ, ಸುತ್ತಲಿನ ನೀರಲ್ಲೇ ಇರುತ್ತೇವೆ. ನೀರಿನಿಂದ ಮೇಲೆ ನೋಡಿದರೆ ನನಗೆ ಕಾಣುವುದು ಒಂದೇ: ದೊಡ್ಡ ಮರಗಳಿವೆ, ಎಳೆ ಗಿಡ ಇಲ್ಲ. ಆಡಿನ ಬಾಯಿಗೆ ಸಿಗುವ ಎತ್ತರದವರೆಗೆ ಬೋಳು. ಈಗಿರುವ ಮರ ಬಿದ್ದ ಮೇಲೆ ಹದ್ದು ಎಲ್ಲಿ ಗೂಡು ಕಟ್ಟುತ್ತದೆ ಹೇಳಿ? ಮಾವನಿಗೆ ಹದ್ದು ಆಡನ್ನು ತಿನ್ನುವುದು ಕಾಣುತ್ತದೆ. ಆಡು ಹದ್ದಿನ ಮನೆಯನ್ನು ತಿನ್ನುತ್ತಿರುವುದು ಕಾಣುತ್ತಿಲ್ಲ.

ಬೈತಖೋಲ್ ಹುಡುಗ
ಹೌದಲ್ಲ! ನಾನು ಕೂತಿದ್ದ ಮರದ ಸುತ್ತ ಒಂದೂ ಸಸಿ ಇರಲಿಲ್ಲ. ಬರೀ ಹಿಕ್ಕೆ.

ಮಾವಿನಕುರ್ವೆ
ಅಲ್ಲೊಂದು ಇಲ್ಲೊಂದು ಆಡಿನಿಂದ ಅಷ್ಟೆಲ್ಲ ಆಗುತ್ತದಾ? ನೂರಾರು ವರ್ಷದಿಂದ ಬಿಡುತ್ತಿದ್ದಾರೆ. ಮರ ಇನ್ನೂ ಇದೆಯಲ್ಲ.

ಅಂಕೋಲೆ ಅಕ್ಕೋರು
ಅಣ್ಣ, ಗಾಲಪಗೋಸ್ ಅಂತ ದ್ವೀಪಗಳಿವೆ, ದಕ್ಷಿಣ ಅಮೆರಿಕದ ಪಕ್ಕದ ಸಮುದ್ರದಲ್ಲಿ. ಅಲ್ಲಿಯ ಪಿಂಟಾ ದ್ವೀಪದಲ್ಲಿ 1959ರಲ್ಲಿ ಮೀನುಗಾರರು ಮೂರೇ ಮೂರು ಆಡು ಬಿಟ್ಟರು. ಒಂದು ಗಂಡು, ಎರಡು ಹೆಣ್ಣು. ಬೇಕಾದಾಗ ಮಾಂಸ ಸಿಗಲಿ ಅಂತ. 1970ರ ದಶಕ ಬರುವಷ್ಟರಲ್ಲಿ ಅವು 30,000 ದಾಟಿದ್ದವು. ಗಿಡ ಹೋಯಿತು, ಮಣ್ಣು ಹೋಯಿತು. ಆ ದ್ವೀಪದ ದೊಡ್ಡ ಆಮೆ ಜಾತಿಯಲ್ಲಿ ಕೊನೆಗೆ ಉಳಿದದ್ದು ಒಂದೇ ಗಂಡು, ಅದೂ 2012ರಲ್ಲಿ ಸತ್ತಿತು. ಆಮೆ ಕಳೆದುಕೊಂಡದ್ದಕ್ಕೆ ಆಡು ಒಂದೇ ಕಾರಣ ಅಲ್ಲ, ಮೊದಲು ಹಡಗಿನವರು ತಿಂದು ಮುಗಿಸಿದ್ದರು. ಆದರೆ ಉಳಿದವಕ್ಕೆ ಮೇವೇ ಇಲ್ಲದ ಹಾಗೆ ಮಾಡಿದ್ದು ಆಡು.

ನೇತ್ರಾಣಿ ತುಂಬ ಚಿಕ್ಕದು, ಕುಡಿಯುವ ನೀರಿಲ್ಲ, ಅಷ್ಟು ಆಡು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಚಿಕ್ಕ ದ್ವೀಪಕ್ಕೆ ಕಡಿಮೆ ಆಡೇ ಸಾಕಲ್ಲ.

ಹೊನ್ನಾವರ ಕಿಟ್ಟಿ
ಹಾಗಾದರೆ ಆಡು ತಿನ್ನುವ ಪ್ರಾಣಿ ಬಿಟ್ಟರೆ ಹೇಗೆ? ನಾಲ್ಕು ನಾಯಿ ಬಿಟ್ಟರೆ ಮುಗಿಯಿತು. ಇಲಿಗೆ ಬೆಕ್ಕು.

ಹಕ್ಕಿಗಣ್ಣು
ದಯವಿಟ್ಟು ಈ ಯೋಚನೆ ಬಿಡಿ. ದ್ವೀಪದ ಹಕ್ಕಿಗೆ ನೆಲದ ಮೇಲಿನ ಬೇಟೆ ಪ್ರಾಣಿಯ ಹೆದರಿಕೆಯೇ ಗೊತ್ತಿರುವುದಿಲ್ಲ. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದಲ್ಲಿ ದೀಪಸ್ತಂಭ ಕಟ್ಟಿದರು. ಅಲ್ಲಿಗೆ ಬೆಕ್ಕೂ ಬಂತು. ಹಾರಲು ಬಾರದ ಪುಟ್ಟ ಹಕ್ಕಿಯೊಂದು ಆ ದ್ವೀಪದಲ್ಲಿತ್ತು. 1894ರಲ್ಲಿ ಬೆಕ್ಕು ಕಚ್ಚಿಕೊಂಡು ಬಂದ ಹಕ್ಕಿಗಳಿಂದಲೇ ಅದು ಹೊಸ ಜಾತಿ ಅಂತ ಜಗತ್ತಿಗೆ ಗೊತ್ತಾಯಿತು. ಕೆಲವೇ ವರ್ಷಗಳಲ್ಲಿ ಆ ಜಾತಿಯೇ ಇಲ್ಲವಾಯಿತು. ಕಾರವಾರದ ಎದುರಿನ ನಮ್ಮ ದೇವಗಡ ದ್ವೀಪದಲ್ಲೂ ದೀಪಸ್ತಂಭ ಇದೆ, ಅದನ್ನು ನೋಡಿದಾಗೆಲ್ಲ ನನಗೆ ಈ ಕಥೆ ನೆನಪಾಗುತ್ತದೆ.

ನೇತ್ರಾಣಿಯ ಗುಹೆಗಳಲ್ಲಿ ಎಂಜಲಿನಿಂದ ಗೂಡು ಕಟ್ಟುವ ಬಾನಾಡಿಗಳೂ ಇವೆ. ಬೆಕ್ಕು, ಇಲಿ ಹೋದರೆ ಅವುಗಳ ಮೊಟ್ಟೆ ಉಳಿಯುವುದಿಲ್ಲ. ದೋಣಿಯವರು ಅಕ್ಕಿ ಮೂಟೆ, ಬಲೆ ರಾಶಿ ಕೆಳಗಿಳಿಸುವ ಮೊದಲು ಇಲಿ ಇದೆಯಾ ಅಂತ ನೋಡಿದರೆ ಅದೇ ದೊಡ್ಡ ಉಪಕಾರ.

ಹೊನ್ನಾವರ ಕಿಟ್ಟಿ
ಸರಿ, ಗೊತ್ತಿರಲಿಲ್ಲ. ಹಿಂದಕ್ಕೆ ತೆಗೆದುಕೊಂಡೆ.

ಅಂಕೋಲೆ ಅಕ್ಕೋರು
ಹದ್ದು, ದ್ವೀಪ, ಮನುಷ್ಯರು ಬಿಟ್ಟ ಸಾಕುಪ್ರಾಣಿ, ಮೂರೂ ಸೇರಿದ ಒಂದು ನಿಜವಾದ ಘಟನೆ ಹೇಳಬೇಕು. ಸ್ವಲ್ಪ ಉದ್ದ, ಓದಿ.

ಅಮೆರಿಕದ ಕ್ಯಾಲಿಫೋರ್ನಿಯಾ ತೀರದಲ್ಲಿ ಚಾನಲ್ ದ್ವೀಪಗಳಿವೆ. ಅಲ್ಲಿ ಬೆಕ್ಕಿನಷ್ಟೇ ದೊಡ್ಡದಾದ ಪುಟ್ಟ ನರಿ ಇದೆ, ಬೇರೆಲ್ಲೂ ಇಲ್ಲ. ಮೊದಲು ಆ ದ್ವೀಪಗಳಲ್ಲಿ ಬೋಳು ಹದ್ದು ಇತ್ತು. ನಮ್ಮ ಕಡಲ ಹದ್ದಿನ ಹತ್ತಿರದ ನೆಂಟ, ಮುಖ್ಯವಾಗಿ ಮೀನು ತಿನ್ನುವುದು, ನರಿಯ ತಂಟೆಗೆ ಹೋಗುತ್ತಿರಲಿಲ್ಲ. ಸಮುದ್ರಕ್ಕೆ ಡಿಡಿಟಿ ಸೇರಿತು. ಮೀನಿನಿಂದ ಹದ್ದಿಗೆ ಹೋಯಿತು. ಮೊಟ್ಟೆಯ ಚಿಪ್ಪು ತೆಳ್ಳಗಾಗಿ, ಕಾವಿಗೆ ಕೂತರೆ ಒಡೆಯಿತು. ಕೊನೆಗೆ ಬೋಳು ಹದ್ದು ಅಲ್ಲಿಂದ ಪೂರ್ತಿ ಮಾಯವಾಯಿತು.

ಅಲ್ಲಿಯೇ ಜನ ಬಿಟ್ಟ ಹಂದಿಗಳು ಕಾಡು ಸೇರಿ ಬೆಳೆದಿದ್ದವು. 1990ರ ದಶಕದಲ್ಲಿ ಬಂಗಾರದ ಹದ್ದು ದೊಡ್ಡ ನೆಲದಿಂದ ಹಾರಿ ಬಂತು. ಬೋಳು ಹದ್ದು ಇದ್ದಿದ್ದರೆ ಅಟ್ಟುತ್ತಿತ್ತು, ಈಗ ಅಟ್ಟುವವರು ಇಲ್ಲ. ಹಂದಿ ಮರಿಗಳಿಂದ ಅದಕ್ಕೆ ವರ್ಷಪೂರ್ತಿ ಊಟ. ಹಂದಿಯ ಜೊತೆ ನರಿಯನ್ನೂ ಹಿಡಿಯತೊಡಗಿತು. ಒಂದು ದ್ವೀಪದಲ್ಲಿ ಸುಮಾರು 1,500 ಇದ್ದ ನರಿ 2000ದ ಹೊತ್ತಿಗೆ ನೂರಕ್ಕಿಂತ ಕಡಿಮೆ. ಇನ್ನೆರಡು ದ್ವೀಪಗಳಲ್ಲಿ ಉಳಿದದ್ದು ಹದಿನೈದು ಹದಿನೈದು!

ಅವರು ಏನು ಮಾಡಿದರು ಗೊತ್ತಾ? ಬಂಗಾರದ ಹದ್ದನ್ನು ಕೊಲ್ಲಲಿಲ್ಲ. ಹಿಡಿದು ದೂರ ಬಿಟ್ಟು ಬಂದರು. ಸುಮಾರು 5,000 ಹಂದಿಗಳನ್ನು ತೆಗೆದರು. 2002ರಿಂದ ಬೋಳು ಹದ್ದಿನ ಮರಿಗಳನ್ನು ತಂದು ಬಿಟ್ಟರು. ನರಿಗಳನ್ನು ಗೂಡಲ್ಲಿಟ್ಟು ಮರಿ ಮಾಡಿಸಿ ಬಿಟ್ಟರು. 2016ರಲ್ಲಿ ಅಲ್ಲಿನ ನರಿಗಳು ಅಳಿವಿನ ಪಟ್ಟಿಯಿಂದ ಹೊರಬಂದವು.

ಮೀನು ತಿನ್ನುವ ಹದ್ದು ದ್ವೀಪದಲ್ಲಿ ಇರುವುದೇ ಒಂದು ಕಾವಲು ಅಂತ ನನಗೆ ಅನ್ನಿಸುವುದು ಇದಕ್ಕೇ. ಅದು ಹೋದ ಜಾಗಕ್ಕೆ ಯಾರು ಬರುತ್ತಾರೆ ಅಂತ ಮೊದಲೇ ಹೇಳಲಾಗುವುದಿಲ್ಲ.

ತೋಟದ ಮನೆ ಶಿರಸಿ
ಅಕ್ಕೋರೆ, ಎರಡು ಸಲ ಓದಿದೆ. ಡಿಡಿಟಿ ನಮ್ಮಲ್ಲಿ ನಿಂತಿದೆಯಾ? ನಮ್ಮ ಅಪ್ಪ ತೋಟಕ್ಕೆ ಹಾಕುತ್ತಿದ್ದ ನೆನಪು.

ಅಂಕೋಲೆ ಅಕ್ಕೋರು
ಕೃಷಿಗೆ 1989ರಲ್ಲಿ ನಿಷೇಧವಾಯಿತು. ಸೊಳ್ಳೆಯಂಥ ಕೀಟಗಳಿಂದ ಹರಡುವ ಕಾಯಿಲೆಗಳ ತಡೆಗೆ ಮಾತ್ರ ಆಮೇಲೂ ಬಳಸಿದರು. ಘಟ್ಟದ ತೋಟದಲ್ಲಿ ಹೊಡೆದದ್ದು ಹೊಳೆ ಸೇರಿ ನಮ್ಮ ಅಳಿವೆಗೇ ಬರುತ್ತದೆ, ಯಾವ ಔಷಧಿಯಾದರೂ.

ಮುರ್ಡೇಶ್ವರ ಡೈವರ್
ಇನ್ನೊಂದು. ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳಲ್ಲಿ ಇಲಿ ಇರುವ ದ್ವೀಪ, ಇಲ್ಲದ ದ್ವೀಪ ಎರಡನ್ನೂ ಹೋಲಿಸಿ 2018ರಲ್ಲಿ ಒಂದು ಸಂಶೋಧನೆ ಬಂತು. ಇಲಿ ಇಲ್ಲದ ಕಡೆ ಕಡಲ ಹಕ್ಕಿ ಬಹಳ. ಅವುಗಳ ಹಿಕ್ಕೆ ಮಳೆಗೆ ತೊಳೆದು ನೀರಿಗೆ ಇಳಿದು, ಸುತ್ತಲಿನ ಹವಳದ ಮೀನಿಗೂ ಅನುಕೂಲ. ಅಲ್ಲಿ ಹಕ್ಕಿಗಳು ಲಕ್ಷಗಟ್ಟಲೆ, ನಮ್ಮ ಹದ್ದು ಕೆಲವೇ. ಅಷ್ಟು ಪರಿಣಾಮ ಇಲ್ಲಿ ಇರಲಿಕ್ಕಿಲ್ಲ. ಆದರೆ ದಿಕ್ಕು ಅದೇ: ಕಡಲಲ್ಲಿ ತಿಂದು ನೆಲಕ್ಕೆ ಗೊಬ್ಬರ ಹಾಕುತ್ತದೆ. ಆ ಗೊಬ್ಬರದಲ್ಲಿ ಹುಟ್ಟಿದ ಸಸಿಯನ್ನು ಆಡು ತಿನ್ನುತ್ತದೆ.

ಕಾಳಿ ತೀರ
ನೌಕಾಪಡೆಯವರು ಅಲ್ಲಿ ಗುಂಡು ಹಾರಿಸಿ ಅಭ್ಯಾಸ ಮಾಡುತ್ತಿದ್ದರಲ್ಲ, ಅದರಿಂದ ಹದ್ದಿಗೆ ತೊಂದರೆ ಆಗಲಿಲ್ವಾ? ಬರೀ ಆಡನ್ನು ಬೈದರೆ ಹೇಗೆ.

ಹಕ್ಕಿಗಣ್ಣು
ಗೂಡಲ್ಲಿ ಮೊಟ್ಟೆ ಇದ್ದಾಗ ಯಾವ ದೊಡ್ಡ ಸದ್ದೂ ತೊಂದರೆಯೇ. ತಾಯಿ ಎದ್ದು ಹಾರಿದರೆ ಮೊಟ್ಟೆ ಬಿಸಿಲಿಗೆ ಬೀಳುತ್ತದೆ, ಇಲ್ಲವೇ ಕಾಗೆ ಕುಕ್ಕುತ್ತದೆ. ಈ ಮಾತು ನೌಕಾಪಡೆಯಂಥ ದೊಡ್ಡವರಿಗೂ ಅನ್ವಯ, ಡ್ರೋನ್ ಹಾರಿಸುವ ಪ್ರವಾಸಿಗರಿಗೂ ಅನ್ವಯ, ಹರಕೆಗೆ ಹೋಗಿ ಪಟಾಕಿ ಹೊಡೆಯುವವರಿಗೂ ಅನ್ವಯ. ಸಾಮಾನ್ಯವಾಗಿ ಎರಡೇ ಮೊಟ್ಟೆ, ಸುಮಾರು 40 ದಿನ ಕಾವು. ನಮ್ಮ ಕಡೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಗೂಡಿನ ಕಾಲ.

ಮಾವಿನಕುರ್ವೆ
ನಾನು ರಾತ್ರಿ ಇದನ್ನೆಲ್ಲ ಮನೆಯಲ್ಲಿ ಓದಿ ಹೇಳಿದೆ. ನಮ್ಮ ಅಮ್ಮ ಒಂದು ಪ್ರಶ್ನೆ ಕೇಳಿದರು, ನನ್ನ ಹತ್ತಿರ ಉತ್ತರ ಇರಲಿಲ್ಲ. "ಅಲ್ಲಿ ಬಿಟ್ಟ ಆಡು ನೀರಿಲ್ಲದೆ ಸತ್ತರೆ ಆ ಹರಕೆ ದೇವರಿಗೆ ಮುಟ್ಟಿತಾ?" ಅಂತ. ಹರಕೆ ಬಿಡಿ ಎಂದು ಯಾರಾದರೂ ಹೊರಗಿನವರು ಹೇಳಿದರೆ ನಾನು ಕೇಳುವವನಲ್ಲ. ಆದರೆ ಗಂಡು ಆಡು ಮಾತ್ರ ಬಿಡುವುದು, ಇಲ್ಲವೇ ಅಲ್ಲಿ ಕೈಮುಗಿದು ವಾಪಸ್ ತರುವುದು, ಇಂಥದ್ದನ್ನು ನಮ್ಮ ನಮ್ಮೊಳಗೆ ಕೂತು ಮಾತಾಡಬಹುದು.

ತದಡಿ ದೋಣಿ
ಈ ಮಾತು ನಿಮ್ಮ ಊರಿನವರ ಬಾಯಿಂದಲೇ ಬರಬೇಕಿತ್ತು ಅಣ್ಣ.

ಬೈತಖೋಲ್ ಹುಡುಗ
ಮಾವನಿಗೆ ಫೋನ್ ಮಾಡಿದ್ದೆ. ಆಡಿನ ವಿಷಯಕ್ಕೆ ಇನ್ನೂ ಸಿಟ್ಟಲ್ಲೇ ಇದ್ದಾರೆ. ಗೂಡು ಕೆಡವುವ ಮಾತು ಮಾತ್ರ ಬಿಟ್ಟರು. ಮೂರು ಬಂಗಡೆಯ ಲೆಕ್ಕ ಕೇಳಿ ಸ್ವಲ್ಪ ಹೊತ್ತು ಸುಮ್ನಾದರು. ಆಮೇಲೆ, "ನಮ್ಮ ಮನೆಯ ಬೆಕ್ಕು ಅದಕ್ಕಿಂತ ಜಾಸ್ತಿ ತಿನ್ನುತ್ತದೆ" ಎಂದರು. ಮಾರ್ಚ್ ಮುಗಿಯುವವರೆಗೆ ಆ ಮರದ ಕಡೆ ಹತ್ತುವುದಿಲ್ಲ, ಇನ್ನೊಂದು ಬದಿಯಲ್ಲೇ ದೋಣಿ ನಿಲ್ಲಿಸುತ್ತೇನೆ ಎಂದೂ ಹೇಳಿದ್ದಾರೆ.

ಹಕ್ಕಿಗಣ್ಣು ಅವರೇ, ಎರಡನೇ ಫೋಟೋದಲ್ಲಿ ಗರಗಸದ ಹಾಗೆ ಹಲ್ಲಿರುವ ಉದ್ದ ಮುಳ್ಳು ಯಾವುದರದ್ದು?

ಟ್ರಾಲ್ ತಾಂಡೇಲ
ಅವರ ಬದಲು ನಾನೇ ಹೇಳುತ್ತೇನೆ ತಮ್ಮಾ. ಅದು ಶೇಡೆ ಮೀನಿನ ಮುಳ್ಳು, ರೆಕ್ಕೆಯ ಪಕ್ಕದ್ದು. ನನ್ನ ಅಂಗೈಯಲ್ಲಿ ಅದರ ಗುರುತು ಇನ್ನೂ ಇದೆ. ಹದ್ದು ತಿಂದ ಹಾವಿನ ಹೊಟ್ಟೆಯಲ್ಲಿ ಇದ್ದದ್ದೂ ಆಗಿರಬಹುದು.